ನೀಲಗಿರಿ ಮರದ ತವರಿಂದ

ಮೆಲ್ಬರ್ನ್
ಜನವರಿ 20

ಅಪ್ಪನಿಗೆ ಮಗಳ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೀವಿ. ಹಬ್ಬದ ದಿನ ಫೋನ್ ಮಾಡಿ ಇಲ್ಲಿನ ಸಮುದ್ರ ದಡದ ಪ್ರವಾಸದ ಸುದ್ದಿ ತೆಗೆದಾಗ ನೀವು "ಸಮುದ್ರದಲ್ಲಿ ನೋಡೋಕೇನಿದೆ, ಬರೀ ನೀರು ತಾನೆ" ಅಂದು ಫೋನನ್ನು ಅಮ್ಮನ ಕೈಗೆ ದಾಟಿಸಿಬಿಟ್ರಿ. ಅಮ್ಮನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋಗಳೇ ಸಾಕು. ನಿಮಗೆ ಹೇಳಬೇಕಾದ್ದು ಫೋಟೋದಲ್ಲಿ ಬರಲ್ಲ, ಅದಕ್ಕೇ ಈ ಕಾಗದ. ನೀವು ಬಂದಿದ್ರೆ ನೀರಿನ ಕಡೆ ಬೆನ್ನು ಹಾಕಿಕೊಂಡು ಏನೇನು ನೋಡ್ತಿದ್ರೋ ಅದನ್ನೇ ಬರೀತೀನಿ.

ಮೊದಲು ರಸ್ತೆ. ಗ್ರೇಟ್ ಓಷನ್ ರೋಡ್ ಅಂತ ಹೆಸರು, 243 ಕಿಲೋಮೀಟರ್. ಮೊದಲನೇ ಮಹಾಯುದ್ಧ ಮುಗಿಸಿ ವಾಪಸ್ ಬಂದ ಸುಮಾರು 3000 ಸೈನಿಕರು ಗುದ್ದಲಿ, ಪಿಕಾಸಿ ಹಿಡಿದು ಗುಡ್ಡ ಕಡಿದು ಮಾಡಿದ ರಸ್ತೆ ಇದು. 1919ರಲ್ಲಿ ಶುರುವಾಗಿ 1932ಕ್ಕೆ ಮುಗೀತು. ಯುದ್ಧದಲ್ಲಿ ಸತ್ತ ಜೊತೆಗಾರರ ನೆನಪಿಗೆ ಬರೀ ಕಲ್ಲು ನೆಡದೆ ರಸ್ತೆಯನ್ನೇ ಮಾಡಿದ್ರು. ಮೊದಮೊದಲು ಟೋಲ್ ವಸೂಲಿ ಇತ್ತಂತೆ, 1936ರಲ್ಲಿ ರಸ್ತೆಯನ್ನು ಸರ್ಕಾರಕ್ಕೆ ಒಪ್ಪಿಸಿದ ಮೇಲೆ ನಿಂತುಹೋಯ್ತು. ಟೋಲ್ ನಿಂತುಹೋಯ್ತು, ಅಪ್ಪ! ಬೆಂಗಳೂರಿಗೆ ಹೋಗಿಬರುವ ಯಾರಿಗಾದ್ರೂ ಇದನ್ನು ಓದಿ ಹೇಳಿ.

ದಾರಿಯಲ್ಲಿ ಕೆನೆಟ್ ರಿವರ್ ಅನ್ನೋ ಕಡೆ ಕೋಆಲ ನೋಡಿದ್ವಿ. ಮರದ ಕವಲಲ್ಲಿ ಕೂತು ನಿದ್ದೆ ಹೊಡೀತಿತ್ತು, ದಿನಕ್ಕೆ 20 ಗಂಟೆವರೆಗೂ ಮಲಗುತ್ತಂತೆ. ಮಕ್ಕಳು ಚಪ್ಪಾಳೆ ತಟ್ಟಿದ್ರೂ ಕಣ್ಣು ಬಿಡಲಿಲ್ಲ. ನಾನು ನೋಡ್ತಿದ್ದದ್ದು ಅದು ಕೂತ ಮರವನ್ನ. ಅದು ನೀಲಗಿರಿ! ಆ ಪ್ರಾಣಿಗೆ ನೀಲಗಿರಿ ಎಲೆ ಬಿಟ್ಟರೆ ಬೇರೆ ಊಟವೇ ಇಲ್ಲ ಅಂದ್ರೂ ನಡೆಯುತ್ತೆ. ನಮ್ಮೂರಲ್ಲಿ ಮೇಕೆ ಕೂಡ ಮೂತಿ ತಿರುಗಿಸಿಕೊಂಡು ಹೋಗೋ ಎಲೆ ಅದು.

ರಾತ್ರಿ ಅಪೋಲೊ ಬೇ ಊರಲ್ಲಿ ಉಳ್ಕೊಂಡು ಬೆಳಿಗ್ಗೆ ಪುಳಿಯೋಗರೆ ಡಬ್ಬಿ ಕಟ್ಟಿಕೊಂಡು ಹೊರಟ್ವಿ. ಅಲ್ಲಿಂದ ಮುಂದೆ ರಸ್ತೆ ಸಮುದ್ರ ಬಿಟ್ಟು ಆಟ್ವೇ ಕಾಡಿನೊಳಕ್ಕೆ ನುಗ್ಗುತ್ತೆ. ಅಲ್ಲಿ ಕಾರು ನಿಲ್ಲಿಸಿ ಇಳಿದು ತಲೆ ಎತ್ತಿದರೆ ತುದಿಯೇ ಕಾಣದಷ್ಟು ಎತ್ತರದ ಮರಗಳು. ಮೌಂಟನ್ ಆಶ್ ಅಂತಾರೆ, ಅದೂ ನೀಲಗಿರಿ ಜಾತಿಯದೇ. ಹೂ ಬಿಡುವ ಮರಗಳಲ್ಲಿ ಜಗತ್ತಿಗೇ ಎತ್ತರದ್ದು. ಬುಡದಲ್ಲಿ ಒರಟು ತೊಗಟೆ, ಮೇಲಕ್ಕೆ ನುಣ್ಣಗೆ ಬಿಳಿ, ಸುಲಿದ ತೊಗಟೆ ಮಾರುದ್ದದ ಪಟ್ಟಿಗಳಾಗಿ ಕೊಂಬೆಯಿಂದ ಜೋತಾಡ್ತಿತ್ತು. ಕೆಳಗೆ ಆಳೆತ್ತರದ ಜರಿಗಿಡಗಳು, ಪಾಚಿ, ಸಣ್ಣ ತೊರೆ. ನೆಲದ ಮೇಲೆ ಬಿದ್ದ ಎಲೆಯೊಂದನ್ನು ಹಿಸುಕಿ ಮೂಸಿದೆ. ಅದೇ ವಾಸನೆ, ನಮ್ಮ ಮೇಲಿನ ಹೊಲದ ತೋಪಿನದು.

ಅಪ್ಪ, ನೀಲಗಿರಿ ಕೆಳಗೆ ನೀರು ಹರಿಯೋದನ್ನ ನಾನು ಹುಟ್ಟಿದ ಮೇಲೆ ಇದೇ ಮೊದಲು ನೋಡಿದ್ದು. ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ನಂದಿ ಬೆಟ್ಟದಲ್ಲಿ ಹಾಕಿಸಿದ್ದೇ ನಮ್ಮ ದೇಶದ ಮೊದಲ ನೀಲಗಿರಿ ಅಂತ ನೀವೇ ಹೇಳ್ತಿದ್ರಿ. ಬೆಟ್ಟದ ಮೇಲೆ ನಾಲ್ಕು ಮರ ಇದ್ದಾಗ ಯಾರಿಗೂ ತೊಂದರೆ ಆಗಲಿಲ್ಲ. ಸಾಮಾಜಿಕ ಅರಣ್ಯ ಅಂತ ಸಸಿ ಹಂಚಿದಾಗ ರಾಗಿ ಹೊಲಕ್ಕೇ ಸಾಲು ಹಿಡಿದು ನೆಟ್ವಲ್ಲ, ಅಲ್ಲಿಂದ ಕೆಟ್ಟಿತು. ಆಟ್ವೇ ಬೆಟ್ಟದ ನೆತ್ತಿಯಲ್ಲಿ ವರ್ಷಕ್ಕೆ ಹತ್ತಿರಹತ್ತಿರ 2000 ಮಿಲಿಮೀಟರ್ ಮಳೆ ಬೀಳುತ್ತೆ. ಕೋಲಾರಕ್ಕೆ ಬೀಳೋದು 700 ಚಿಲ್ಲರೆ, ಅದೂ ಬಂದ ವರ್ಷ ಬಂತು, ಇಲ್ಲದ ವರ್ಷ ಇಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದು ಅಂದಿತು, ಅಷ್ಟರಲ್ಲಿ ನಮ್ಮ ಕಡೆ ಬೋರ್‌ವೆಲ್ 1200 ಅಡಿ ದಾಟಿತ್ತು. ನನಗೆ ಮರದ ಮೇಲೆ ಸಿಟ್ಟಿಲ್ಲ. ತವರಲ್ಲಿ ಅದು ಎಷ್ಟು ಚೆನ್ನಾಗಿ ಬಾಳುತ್ತೆ ಅಂತ ಕಣ್ಣಾರೆ ನೋಡಿ ಬಂದೆ. ನಮ್ಮ ಹೊಲದಲ್ಲಿ ಮಾತ್ರ ಅದು ಇರಬಾರದು. ಈ ಮಾತಿಗೆ ಕೊನೆಯಲ್ಲಿ ಬರ್ತೀನಿ.

ಕಾಡು ದಾಟಿದ ಮೇಲೆ ಸಮುದ್ರ ಮತ್ತೆ ಸಿಗುತ್ತೆ. ಗಿಬ್ಸನ್ ಸ್ಟೆಪ್ಸ್ ಅನ್ನೋ ಕಡೆ 86 ಮೆಟ್ಟಿಲು ಇಳಿದರೆ ಮರಳು. ಅತ್ತೆ ಮಂಡಿ ನೋವು ಅಂತ ಮೇಲೆಯೇ ಕೂತರು, ನಿಮ್ಮ ಅಳಿಯ ಅವರ ಜೊತೆ. ನಾನೂ ಮಕ್ಕಳೂ ಇಳಿದ್ವಿ. ಹಿಂದೆ ಗೋಡೆ ಥರ ನೆಟ್ಟಗೆ ನಿಂತ ಹಳದಿ ಬಂಡೆ, ಮುಂದೆ ನೀರಲ್ಲಿ ಒಂಟಿಯಾಗಿ ನಿಂತ ಎರಡು ಭಾರಿ ಕಂಬಗಳು. ಬಂಡೆ ಬುಡಕ್ಕೆ ಹೋಗಬೇಡಿ, ಉದುರುತ್ತೆ ಅಂತ ಬೋರ್ಡು. ಅಲೆ ಬಡಿಯೋ ಸದ್ದಿಗೆ ಪಕ್ಕದಲ್ಲಿದ್ದವರ ಮಾತೂ ಕೇಳಲ್ಲ. ಜನವರಿ ಅಂದ್ರೆ ಇಲ್ಲಿ ನಡುಬೇಸಿಗೆ, ಆದರೂ ಗಾಳಿಗೆ ಸ್ವೆಟರ್ ಬೇಕಾಯ್ತು. ಆ ಕಡೆ ಅಂಟಾರ್ಕ್ಟಿಕಾ ತನಕ ಅಡ್ಡ ನೆಲವೇ ಇಲ್ಲವಲ್ಲ.

ಅಲ್ಲಿಂದ ಸ್ವಲ್ಪ ದೂರಕ್ಕೇ ಟ್ವೆಲ್ವ್ ಅಪೋಸಲ್ಸ್, ನೀರಲ್ಲಿ ನಿಂತ ಇಂಥವೇ ಕಲ್ಲುಕಂಬಗಳು. ಯೇಸುವಿನ ಹನ್ನೆರಡು ಶಿಷ್ಯರ ಹೆಸರು, ಆದರೆ ಯಾವತ್ತೂ ಹನ್ನೆರಡು ಇರಲಿಲ್ಲ. ಒಂಬತ್ತಿದ್ದವು, 2005ರ ಜುಲೈನಲ್ಲಿ ಸುಮಾರು 50 ಮೀಟರ್ ಎತ್ತರದ್ದೊಂದು ನೋಡನೋಡ್ತಾ ಕುಸಿದುಬಿತ್ತು. ಈಗ ಎಂಟು. ಅತ್ತೆ ಬೆರಳು ಮಡಿಸಿ ಎಣಿಸಿ, ಏಳೇ ಇರೋದು ಅಂತ ಹಟ ಹಿಡಿದರು. ನಿಂತ ಜಾಗದಿಂದ ಒಂದಕ್ಕೊಂದು ಮರೆಯಾಗುತ್ತೆ ಅಂದರೂ ಒಪ್ಪಲಿಲ್ಲ.

ನಿಮಗೆ ಅದು ಹೇಗೆ ಬೀಳುತ್ತೆ ಅಂತ ಬೇಕಲ್ಲ. ಇದು ನಮ್ಮ ಆವನಿ ಬೆಟ್ಟದ ಕರೀ ಬಂಡೆಯಲ್ಲ, ಸುಣ್ಣಕಲ್ಲು. ಕೋಟ್ಯಂತರ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಚಿಪ್ಪು, ಮೂಳೆ ಕೂಡಿಕೊಂಡು ಆದದ್ದು, ಮೆತ್ತಗೆ. ಕಣದಲ್ಲಿ ರಾಗಿಹುಲ್ಲಿನ ಬಣವೆಗೆ ದನ ನುಗ್ಗಿದರೆ ಹೇಗೆ? ಬುಡದಿಂದಲೇ ಎಳೆದೆಳೆದು ತಿಂತಾವೆ, ಮೇಲ್ಗಡೆ ಏನೂ ಆಗಿಲ್ಲ ಅಂತ ನಾವು ಸುಮ್ಮನಿರ್ತೀವಿ, ಒಂದು ದಿನ ಪೂರ್ತಿ ಮಗುಚುತ್ತೆ. ಇಲ್ಲಿ ಅಲೆಗಳು ಮಾಡೋದು ಅದನ್ನೇ, ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಲೆಕ್ಕದಲ್ಲಿ. ದಡದ ಬಂಡೆಯಲ್ಲಿ ಮೊದಲು ಗುಹೆ ಆಗುತ್ತೆ, ಗುಹೆ ತೂತು ಬಿದ್ದು ಕಮಾನಾಗುತ್ತೆ, ಕಮಾನಿನ ನೆತ್ತಿ ಕಳಚಿದ ಮೇಲೆ ಉಳಿಯೋದು ಈ ಕಂಬ. ಮುಂದೆ ಲಂಡನ್ ಬ್ರಿಡ್ಜ್ ಅಂತ ಸೇತುವೆ ಥರದ ಬಂಡೆ ಒಂದಿದೆ. 1990ರ ಜನವರಿ 15ರಂದು ಅದರ ದಡದ ಕಡೆಯ ಕಮಾನು ಕುಸಿದಾಗ ಇಬ್ಬರು ಆ ತುದಿಯಲ್ಲಿ ಸಿಕ್ಕಿಕೊಂಡರು, ಹೆಲಿಕಾಪ್ಟರ್ ಬಂದು ಕರ್ಕೊಂಡು ಹೋಯ್ತು.

ಅತ್ತೆಗೆ ಹಿಡಿಸಿದ್ದು ಲಾಕ್ ಆರ್ಡ್ ಗಾರ್ಜ್, ಬಂಡೆಗಳ ನಡುವೆ ಸಮುದ್ರ ಒಳನುಗ್ಗಿದ ಕೊರಕಲು. ಲಾಕ್ ಆರ್ಡ್ ಅನ್ನೋದು ಒಂದು ಹಡಗಿನ ಹೆಸರು. 1878ರ ಜೂನ್ 1ರ ಬೆಳಗಿನ ಜಾವ, ಇಂಗ್ಲೆಂಡಿನಿಂದ ಮೂರು ತಿಂಗಳು ಸಾಗಿ ಬಂದು ಇನ್ನೇನು ಮೆಲ್ಬರ್ನ್ ಅನ್ನುವಾಗ, ಮಂಜಲ್ಲಿ ಕಾಣದೆ ಬಂಡೆಗೆ ಬಡಿದು ಮುಳುಗಿತು. 54 ಜನರಲ್ಲಿ ಬದುಕಿದವರು ಇಬ್ಬರೇ. ಟಾಮ್ ಪಿಯರ್ಸ್ ಅನ್ನೋ ಹಡಗಿನ ಹುಡುಗ, ಈವಾ ಕಾರ್ಮೈಕಲ್ ಅನ್ನೋ ಹುಡುಗಿ. ಇಬ್ಬರಿಗೂ ಹದಿನೆಂಟರ ಆಸುಪಾಸು. ಹುಡುಗ ದಡ ಸೇರಿದ ಮೇಲೆ ಅವಳ ಕೂಗು ಕೇಳಿ ಮತ್ತೆ ನೀರಿಗಿಳಿದು ಎಳೆದು ತಂದ. ಗುಹೆಯಲ್ಲಿ ಮಲಗಿಸಿ, ತೇಲಿಬಂದ ಬ್ರಾಂಡಿ ಕುಡಿಸಿ, ಬಂಡೆ ಹತ್ತಿ ಹೋಗಿ ಜನ ಕರೆತಂದ. ಅವಳ ಅಪ್ಪ, ಅಮ್ಮ, ಒಡಹುಟ್ಟಿದವರು ಅದೇ ಹಡಗಲ್ಲಿ ಹೋಗಿಬಿಟ್ಟಿದ್ರು.

"ಆಮೇಲೆ ಮದುವೆ ಆದರಾ?" ಅತ್ತೆಯ ಮೊದಲ ಪ್ರಶ್ನೆ. ಇಲ್ಲ, ಊರೆಲ್ಲ ಅದನ್ನೇ ಕಾಯ್ತಿತ್ತು, ಅವಳು ಕೆಲವೇ ತಿಂಗಳಲ್ಲಿ ಐರ್ಲೆಂಡಿಗೆ ವಾಪಸ್ ಹೋದಳು ಅಂದೆ. "ಅಯ್ಯೋ, ಅಷ್ಟು ಕಷ್ಟಪಟ್ಟು ಬದುಕಿಸಿದ್ನಲ್ಲೇ!" ಅಂತ ಊಟದ ತನಕ ಅದನ್ನೇ ಹೇಳಿಕೊಂಡರು. ಅದೇ ಹಡಗಿನಲ್ಲಿದ್ದ ಪಿಂಗಾಣಿ ನವಿಲೊಂದು ಪೆಟ್ಟಿಗೆ ಸಮೇತ ದಡಕ್ಕೆ ಬಂದು ಉಳೀತು, ಈಗ ವಾರ್ನಂಬೂಲ್ ಮ್ಯೂಸಿಯಂನಲ್ಲಿದೆ. ನಮಗೆ ಅಲ್ಲಿಗೆ ಹೋಗೋಕೆ ಹೊತ್ತಿರಲಿಲ್ಲ.

ವಾಪಸ್ ಬಂದದ್ದು ಒಳದಾರಿಯಲ್ಲಿ, ಕೋಲಾಕ್ ಕಡೆಯಿಂದ. ನೀವು ಕೂತಿದ್ರೆ ಹತ್ತು ಸಲ ಕಾರು ನಿಲ್ಲಿಸ್ತಿದ್ರಿ. ಎರಡೂ ಕಡೆ ಕರಿಬಿಳಿ ಸೀಮೆಹಸುಗಳು, ನೂರಾರು, ಒಂದಕ್ಕೂ ಮೂಗುದಾರ ಇಲ್ಲ, ಗೂಟ ಇಲ್ಲ. ಮೇವು ಕೊಯ್ದು ತಂದು ಹಾಕೋರೂ ಕಾಣಲ್ಲ, ಬೇಲಿಯೊಳಗೆ ತಾವೇ ಮೇಯ್ತವೆ. ಆ ಹುಲ್ಲುಗಾವಲು ಎಷ್ಟೋ ಕಡೆ ಮೊದಲು ಕಾಡಾಗಿತ್ತು. ಐವತ್ತು ಅರವತ್ತರ ದಶಕಗಳಲ್ಲಿ ನೀಲಗಿರಿ ಕಿತ್ತು ಹೈನುಗಾರಿಕೆಗೆ ಜಮೀನು ಮಾಡಿಕೊಟ್ಟರು. ಅದರ ತವರಲ್ಲೇ ಹಸುವಿಗೋಸ್ಕರ ಕಿತ್ತಿದ್ದಾರೆ, ನಾವು ಯಾಕೆ ಹಿಂದೆಮುಂದೆ ನೋಡಬೇಕು?

ನಮ್ಮ ತೋಪನ್ನ ಇನ್ನೊಂದು ಕಟಾವಿಗೆ ಬಿಡೋಣ, ದುಡ್ಡು ಬರುತ್ತೆ ಅಂತ ತಮ್ಮ ಅಂತಾನಂತೆ. ಕಡಿದು ಬುಡ ಬಿಟ್ಟರೆ ಮತ್ತೆ ಚಿಗುರುತ್ತೆ, ಗೊತ್ತಿರೋದೇ. ಜೆಸಿಬಿ ತರಿಸಿ ಬೊಡ್ಡೆ ಸಮೇತ ತೆಗೆಸಿ, ಅರ್ಧ ಖರ್ಚು ನಾನು ಕಳಿಸ್ತೀನಿ. ಒಂದು ಎಕರೆ ಮೇವಿಗೆ, ಉಳಿದದ್ದಕ್ಕೆ ಹುಣಸೆಯೋ ಮಾವೋ ನಿಮ್ಮಿಷ್ಟ. ಈ ಕಾಗದ ಅವನಿಗೂ ಓದೋಕೆ ಕೊಡಿ, ಬೈದರೆ ನನಗೇ ಫೋನ್ ಮಾಡಿ ಬೈಯಲಿ.

ಅಮ್ಮನಿಗೆ ಹೇಳಿ, ಹುಚ್ಚೆಳ್ಳು ಚಟ್ನಿಪುಡಿ ದಾರಿಯಲ್ಲೇ ಖಾಲಿ. ಮಾರ್ಚಿನಲ್ಲಿ ಇವರ ಸ್ನೇಹಿತರು ಊರಿಂದ ಬರ್ತಾರೆ, ಅವರ ಕೈಲಿ ಒಂದು ಕೆಜಿ ಕಳಿಸಲಿ.

ನಿಮ್ಮ ಮಗಳು