ಸುಗ್ಗಿ ಕುಣಿತಕ್ಕೆ ಐದೇ ನಿಮಿಷ ಸಾಕಾ?

ಸಂಪಾದಕರಿಗೆ ನಮಸ್ಕಾರ,

ನಾನು ಉತ್ತರ ಕನ್ನಡ ಜಿಲ್ಲೆ ಅಂಕೋಲಾ ತಾಲೂಕಿನ ಹಳ್ಳಿಯೊಂದರ ಗೃಹಿಣಿ, ತವರುಮನೆ ಸಿದ್ದಾಪುರದ ಕಡೆ. ನಿಮ್ಮ ಪೇಪರ್ ದಿನಾ ಓದ್ತೀನಿ ಆದ್ರೆ ಪತ್ರ ಬರೀತಿರೋದು ಇದೇ ಮೊದಲು, ಬರೆಯದೇ ಇದ್ರೆ ಮನಸ್ಸಿಗೆ ಸಮಾಧಾನ ಆಗಲ್ಲ ಅಂತ ಕೂತಿದೀನಿ, ಸ್ವಲ್ಪ ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಹೋದ ಸಲ ನಮ್ಮ ಕಡೆ ನಡೆದ ಒಂದು ಉತ್ಸವಕ್ಕೆ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ. ನಮ್ಮ ಕಡೆಯ ಬುಡಕಟ್ಟು ಜನ ಹಾಲಕ್ಕಿ ಗೌಡರ ಸುಗ್ಗಿ ತಂಡ ಬಂದಿತ್ತು. ಪಾಪ ಅವರು ಸಂಜೆ ಐದಕ್ಕೇ ಬಂದು ತಲೆಗೆ ಕಾಗದದ ಹೂವಿನ ತುರಾಯಿ ಕಟ್ಕೊಂಡು ಸ್ಟೇಜ್ ಹಿಂದೆ ಕೂತಿದ್ರು, ಅವರಿಗೆ ಅವಕಾಶ ಸಿಕ್ಕಿದ್ದು ರಾತ್ರಿ ಹತ್ತೂವರೆಗೆ, ಅದೂ ಐದು ನಿಮಿಷ ಆಗೋದ್ರೊಳಗೆ ನಿರೂಪಕರು ಮೈಕಲ್ಲಿ ಧನ್ಯವಾದ ಹೇಳಿಬಿಟ್ರು, ಯಾಕಂದ್ರೆ ಆಮೇಲೆ ಟಿವಿ ಶೋದಲ್ಲಿ ಹಾಡೋರದ್ದು ಪ್ರೋಗ್ರಾಂ ಇತ್ತು. ತಂಡದಲ್ಲಿದ್ದ ವಯಸ್ಸಾದವರೊಬ್ಬರು ಅಲ್ಲೇ ಮೆಟ್ಟಿಲ ಮೇಲೆ ಕೂತು ಸುಮ್ನೆ ತುರಾಯಿ ಬಿಚ್ತಾ ಇದ್ರು, ಆ ಮುಖ ನನ್ನ ಕಣ್ಣಿಂದ ಹೋಗ್ತಾನೇ ಇಲ್ಲ. ಸುಗ್ಗಿ ಅಂದ್ರೆ ಹೋಳಿ ಹುಣ್ಣಿಮೆ ಹೊತ್ತಿಗೆ ಕೇರಿಯಿಂದ ಕೇರಿಗೆ, ಮನೆಯಿಂದ ಮನೆಗೆ ಹೋಗಿ ಅಂಗಳದಲ್ಲಿ ಕುಣಿಯೋದು, ಮನೆಯವರು ದೀಪ ಹಚ್ಚಿ ಕಾಯ್ತಾ ಇರ್ತಾರೆ, ಬಂದವರಿಗೆ ಅಕ್ಕಿ ಕಾಯಿ ಕೊಡ್ತಾರೆ, ಸಣ್ಣ ಹುಡುಗರು ಹಿಂದೆಹಿಂದೆನೇ ಓಡ್ತಾ ಹೆಜ್ಜೆ ಕಲೀತಾರೆ. ಅಂಗಳ ಇಲ್ದೆ, ಕಾಯೋ ಮನೆಯವರಿಲ್ದೆ, ಬಣ್ಣದ ಲೈಟ್ ಕೆಳಗೆ ಐದು ನಿಮಿಷ ತೋರಿಸಿದ್ರೆ ಮಕ್ಕಳಿಗೆ ಕಾಣೋದು ತಲೆ ಮೇಲಿನ ಕಾಗದದ ಹೂವು ಮಾತ್ರ.

ವಾಪಸ್ ಬರ್ತಾ ಟೆಂಪೋದಲ್ಲಿ ಮಕ್ಕಳಿಗೆ ಕೇಳಿದೆ, ನಮ್ಮ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಅಂತ ಯಾಕೆ ಹೇಳ್ತಾರೆ ಗೊತ್ತಾ ಅಂತ. ಬಾರ್ಡೋಲಿ ಅಂದ್ರೆ ಗುಜರಾತಲ್ಲಿ ರೈತರು ಕಂದಾಯ ಕಟ್ಟಲ್ಲ ಅಂತ ಹೋರಾಡಿದ ಜಾಗ. ಏಳು ಮಕ್ಕಳಿದ್ರು, ಒಬ್ರಿಗೂ ಗೊತ್ತಿಲ್ಲ. ದಂಡಿ ಎಲ್ಲಿದೆ ಅಂದ್ರೆ ಗುಜರಾತ್ ಅಂತ ಥಟ್ಟನೆ ಹೇಳಿದ್ರು! ಅದು ಗೊತ್ತಿರಬೇಕಾದ್ದೇ, ಆದ್ರೆ 1930ರ ಎಪ್ರಿಲ್ 13ಕ್ಕೆ ನಮ್ಮೂರಲ್ಲೇ ಜನ ಕಾನೂನು ಮುರಿದು ಉಪ್ಪು ಮಾಡಿದ್ದು, ಆಮೇಲೆ ಕಂದಾಯ ಕಟ್ಟಲ್ಲ ಅಂತ ಹಠ ಹಿಡಿದು ಅಂಕೋಲೆ ಸಿದ್ದಾಪುರದ ರೈತರು ಜಮೀನೇ ಕಳ್ಕೊಂಡಿದ್ದು ಗೊತ್ತಿಲ್ಲ. ಮಕ್ಕಳನ್ನ ಬೈದು ಪ್ರಯೋಜನ ಏನು, ನಾವು ಹೇಳಿದ್ರೆ ತಾನೇ ಗೊತ್ತಾಗೋದು.

ಅದಕ್ಕೇ ಮುಂದಿನ ಭಾನುವಾರ ನಮ್ಮ ಅಂಗಳದಲ್ಲೇ ಚಾಪೆ ಹಾಸಿ ಅಕ್ಕಪಕ್ಕದ ಮಕ್ಕಳನ್ನ ಕರೆದ್ವಿ, ಇಪ್ಪತ್ತು ಮಕ್ಕಳು ಬಂದಿರಬಹುದು. ನಮ್ಮ ಅತ್ತೆಗೆ ಈಗ 84, ಅವರು ಹುಟ್ಟೋಕೆ ಮುಂಚಿನ ಕತೆ ಇದು, ಆದ್ರೆ ಅವರ ಅಪ್ಪ ಹೇಳಿದ್ದು ಒಂದೂ ಮರೆತಿಲ್ಲ. ಜಪ್ತಿಗೆ ಬರ್ತಾರೆ ಅಂತ ಸುದ್ದಿ ಬಂದ ರಾತ್ರಿ ತಾಮ್ರದ ಹಂಡೆ, ಕೊಡ ಎಲ್ಲಾ ಹಗ್ಗ ಕಟ್ಟಿ ಬಾವಿಗೆ ಇಳಿಸಿದ್ರಂತೆ, ಬೆಳಿಗ್ಗೆ ಪೊಲೀಸರು ಬಂದಾಗ ಮನೇಲಿ ಇದ್ದದ್ದು ಮಣ್ಣಿನ ಗಡಿಗೆ ಮತ್ತೆ ಕೊಟ್ಟಿಗೆಯಲ್ಲಿ ಎರಡು ಎತ್ತು, ಎತ್ತು ಹೊಡ್ಕೊಂಡು ಹೋದ್ರಂತೆ. ಒಂದು ಹುಡುಗಿ ಕೇಳಿದ್ಲು, ಅಜ್ಜಿ ಎತ್ತು ವಾಪಸ್ ಬಂತಾ ಅಂತ. ಬರ್ಲಿಲ್ಲ ಮಗಾ, ಜಮೀನು ಬಂತು, ಎತ್ತು ಬರ್ಲಿಲ್ಲ ಅಂದ್ರು ಅತ್ತೆ. ಆಮೇಲೆ ನಾನು ಹೇಳಿದೆ, 1937ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆನೇ ಹಾಗೆ ಹೋದ ಜಮೀನು ವಾಪಸ್ ಕೊಡೋ ಕೆಲಸ ಶುರು ಆಗಿದ್ದು, ಆಗ ನಮ್ಮ ಜಿಲ್ಲೆ ಮುಂಬೈಗೆ ಸೇರಿತ್ತು ಅಂತ. ಮುಂಬೈಗಾ ಅಂತ ಬಾಯಿ ಬಿಟ್ಟು ಕೇಳಿದ್ರು. 1862ರಿಂದ 1956ರ ತನಕ ಮುಂಬೈಗೇ ಸೇರಿದ್ವಿ, ಏಕೀಕರಣ ಅಂದ್ರೆ ಏನು ಅಂತ ಆ ದಿನ ಅವರಿಗೆ ನಾನು ಬೇರೆ ಪಾಠ ಮಾಡೋ ಅಗತ್ಯನೇ ಬರ್ಲಿಲ್ಲ, ಒಂದು ಜೋಡಿ ಎತ್ತಿಂದ ಅಲ್ಲಿ ತನಕ ಅವರೇ ಕೇಳ್ತಾ ಕೇಳ್ತಾ ಬಂದ್ರು.

ನನ್ನ ತವರಿನ ಕತೆನೂ ಹೇಳಿದೆ. ಮಾವಿನಗುಂಡಿಯಲ್ಲಿ ಹೆಂಗಸರು, ಕಂದಾಯ ಕಟ್ಟದ್ದಕ್ಕೆ ಹರಾಜಾದ ಆಸ್ತಿ ತಗೊಂಡವರ ಮನೆ ಬಾಗಿಲಲ್ಲಿ ಉಪವಾಸ ಕೂತಿದ್ರು, ಮನೆ ಮಕ್ಕಳನ್ನ ಬಿಟ್ಟು. ಜೋಗಕ್ಕೆ ಹೋಗೋ ದಾರಿಯಲ್ಲೇ ಆ ಊರು ಸಿಗುತ್ತೆ, ಎಷ್ಟು ಜನ ಜಲಪಾತ ನೋಡೋಕೆ ಹೋಗ್ತಾರೆ, ಅಲ್ಲಿರೋ ಸ್ಮಾರಕದ ಹತ್ರ ಗಾಡಿ ನಿಲ್ಸೋರು ಎಷ್ಟು ಜನ?

ಸರ್, ಇದನ್ನ ನಾನು ಒಬ್ಬಳೇ ನಮ್ಮ ಅಂಗಳದಲ್ಲಿ ಮಾಡಿದ್ರೆ ಇಪ್ಪತ್ತು ಮಕ್ಕಳಿಗೆ ಮುಗೀತು. ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಈಗ ಲೈಬ್ರರಿಗೆ ಅರಿವು ಕೇಂದ್ರ ಅಂತ ಹೆಸರಿಟ್ಟಿದಾರೆ, ತಿಂಗಳಿಗೆ ಒಂದು ಸಂಜೆ ಅಲ್ಲಿ ಊರಿನ ಹಿರಿಯರೊಬ್ಬರನ್ನ ಕೂರ್ಸಿ ಮಾತಾಡ್ಸೋಕೆ ದೊಡ್ಡ ಬಜೆಟ್ ಬೇಕಾಗಲ್ಲ. ಅವರಿಗೆ ಗೌರವಧನ ಅಂತ ಏನಾದ್ರೂ ಕೊಡ್ಲೇಬೇಕು, ಬರೀ ಶಾಲು ಹಾಕಿ ಕಳ್ಸೋದಲ್ಲ, ಆ ದಿನದ ಕೂಲಿ ಬಿಟ್ಟು ಬಂದಿರ್ತಾರೆ. ಅವರು ಒಪ್ಪಿದ್ರೆ ಮೊಬೈಲಲ್ಲಿ ರೆಕಾರ್ಡ್ ಮಾಡಿ ಲೈಬ್ರರಿ ಕಂಪ್ಯೂಟರಲ್ಲಿ ಇಡಬಹುದು, ಆ ಕೆಲಸಕ್ಕೆ ಹೈಸ್ಕೂಲ್ ಹುಡುಗರು ತಾವಾಗೇ ಮುಂದೆ ಬರ್ತಾರೆ.

ಇದು ಈಗ್ಲೇ ಆಗ್ಬೇಕು. 2024ರ ಡಿಸೆಂಬರ್‌ನಲ್ಲಿ ಹೊನ್ನಳ್ಳಿಯ ತುಳಸಿ ಗೌಡ ಹೋದ್ರು, ಎರಡು ತಿಂಗಳು ತುಂಬೋದ್ರೊಳಗೆ 2025ರ ಫೆಬ್ರವರಿಯಲ್ಲಿ ಬಡಗೇರಿಯ ಸುಕ್ರಿ ಬೊಮ್ಮಗೌಡ ಹೋದ್ರು. ಇಬ್ರೂ ಒಂದೇ ತಾಲೂಕಿನವರು, ಇಬ್ರೂ ಶಾಲೆ ಮೆಟ್ಟಿಲು ಹತ್ತಿದವರಲ್ಲ, ಇಬ್ರಿಗೂ ಪದ್ಮಶ್ರೀ ಬಂದಿತ್ತು. ತುಳಸಜ್ಜಿ ತಲೆಯಲ್ಲಿ ಕಾಡಿನ ಬೀಜದ ಲೆಕ್ಕ, ಸುಕ್ರಜ್ಜಿ ತಲೆಯಲ್ಲಿ ಹಾಡಿನ ಲೆಕ್ಕ. ಸಾರಾಯಿ ಬೇಡ ಅಂತ ಸುಕ್ರಜ್ಜಿ ಊರೂರು ತಿರುಗಿದವರು. ಅವರ ಹೆಸರು ಎಲ್ಲರಿಗೂ ಗೊತ್ತು, ಹೆಸರು ಬರದೇ ಇರೋ ಅಂಥಾ ಅಜ್ಜಿಯರು ಈಗ್ಲೂ ನಮ್ಮ ಕೇರಿ ಕೊಪ್ಪಗಳಲ್ಲಿ ಇದಾರೆ, ಅವರನ್ನ ಯಾರೂ ಕೇಳಕ್ಕೇ ಹೋಗಿಲ್ಲ.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ. ಹಿರಿಯರು ಯಾವ ಮಾತಲ್ಲಿ ಹೇಳ್ತಾರೋ ಅದರಲ್ಲೇ ಹೇಳೋಕೆ ಬಿಡಿ. ಹಾಲಕ್ಕಿ ಮಾತು ಬೇರೆ, ಶಿರಸಿ ಕಡೆ ಹವ್ಯಕರ ಮಾತು ಬೇರೆ, ಕಾರವಾರದವರು ಮನೇಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳ ಯಲ್ಲಾಪುರದ ಸಿದ್ದಿ ಜನರದ್ದು ಅವರದ್ದೇ ಮಾತು, ಅವರದ್ದೇ ಡಮಾಮಿ ಕುಣಿತ. ಮೈಕ್ ಕೊಟ್ಟು ಶುದ್ಧ ಕನ್ನಡದಲ್ಲಿ ಹೇಳಿ ಅಂದ್ರೆ ಆ ಅಜ್ಜಿ ಬಾಯೇ ಬಿಡಲ್ಲ. ಕರ್ನಾಟಕದ ಸಂಸ್ಕೃತಿ ಅನ್ನೋದ್ರಲ್ಲಿ ಇವರೆಲ್ಲರ ಮಾತೂ ಇದೆ ಅಂತ ರಾಜ್ಯೋತ್ಸವದ ದಿನ ಮಕ್ಕಳ ಕಿವಿಗೆ ಬೀಳಬೇಕು.

ಮಕ್ಕಳನ್ನ ಟೂರ್ ಅಂತ ಬೆಂಗಳೂರು ಮೈಸೂರಿಗೆ ಕರ್ಕೊಂಡು ಹೋಗ್ತಾರೆ, ಹೋಗ್ಲಿ, ಅದರ ಜೊತೆ ಒಂದು ದಿನ ಕುಮಟಾ ಹತ್ರ ಮಿರ್ಜಾನ್ ಕೋಟೆಗೂ ಕರ್ಕೊಂಡು ಹೋಗಿ, ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ಹೋಗಿ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದ ಚೆನ್ನಭೈರಾದೇವಿ ಆಳಿದ ಜಾಗ ಅದು. ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೆ ಮೇಲೆ ಕಾವಿ ಚಿತ್ರ ಇದೆ, ಸುಣ್ಣದ ಬಿಳಿ ಮೇಲೆ ಕೆಮ್ಮಣ್ಣಿನ ಕೆಂಪು. ಜಾತ್ರೆಗೆ ಹೋದವರು ದೇವಿಗೆ ಕೈ ಮುಗಿದು ಬರ್ತಾರೆ, ಗೋಡೆ ಕಡೆ ಯಾರೂ ಮಕ್ಕಳಿಗೆ ಬೆರಳು ತೋರಿಸಲ್ಲ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಿದ್ರು, ಆ ಕಾಲದಲ್ಲೇ ಅಲ್ಲಿ ಕೋಣನ ಬಲಿ ನಿಂತಿದ್ದು ಅನ್ನೋದನ್ನ ಆ ಗುಡಿ ಎದುರಿಗೇ ನಿಂತು ಹೇಳಬೇಕು.

ನಾವು ಈ ಸಲ ಎಪ್ರಿಲ್ 13ಕ್ಕೆ ಮಕ್ಕಳನ್ನ ಗೋಕರ್ಣ ಹತ್ರ ಸಾಣಿಕಟ್ಟೆಗೆ ಕರ್ಕೊಂಡು ಹೋಗ್ಬೇಕು ಅಂತ ಮಾಡಿದೀವಿ, ಪರೀಕ್ಷೆನೂ ಮುಗಿದಿರುತ್ತೆ. ಅಲ್ಲಿ ಇವತ್ತಿಗೂ ಉಪ್ಪಿನ ಆಗರ ನಡೀತಿದೆ, ಉಪ್ಪುನೀರು ಗದ್ದೆಗೆ ಬಿಟ್ಟು ಬಿಸಿಲಿಗೆ ಒಣಗ್ಸಿ ಎಳೆದು ಗುಡ್ಡೆ ಹಾಕ್ತಾರೆ. ಆ ಬಿಸಿಲಲ್ಲಿ ಹತ್ತು ನಿಮಿಷ ನಿಂತು, ಕೈಯಲ್ಲಿ ಒಂದು ಹಿಡಿ ಉಪ್ಪು ತಗೊಂಡ ಮೇಲೆ, ಇದಕ್ಕೆ ಒಂದು ಸರ್ಕಾರ ತೆರಿಗೆ ಹಾಕಿತ್ತು, ಸಮುದ್ರದ ದಂಡೆಯಲ್ಲಿ ಇರೋರೂ ತಾವೇ ಮಾಡ್ಕೊಂಡು ತಿನ್ನೋ ಹಾಗಿರಲಿಲ್ಲ ಅಂತ ಹೇಳಿದ್ರೆ ಮಕ್ಕಳಿಗೆ ಅರ್ಥ ಆಗುತ್ತೆ. ಅತ್ತೆನೂ ಬರ್ತೀನಿ ಅಂದಿದಾರೆ.

2030ಕ್ಕೆ ಅಂಕೋಲೆ ಉಪ್ಪಿನ ಸತ್ಯಾಗ್ರಹಕ್ಕೆ ನೂರು ವರ್ಷ ತುಂಬುತ್ತೆ, ದೊಡ್ಡ ಕಾರ್ಯಕ್ರಮ ಖಂಡಿತ ಆಗುತ್ತೆ. ಅಷ್ಟರೊಳಗೆ ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಒಂದು ಸಣ್ಣ ಜಾಗ ಕೊಟ್ಟು, ಒಂದೊಂದು ಊರಿನ ಒಬ್ಬ ಹಿರಿಯರು ಹೇಳಿದ್ದನ್ನ ಅವರ ಮಾತಲ್ಲೇ ಹಾಕೋಕೆ ಆಗುತ್ತಾ ಅಂತ ಕೇಳ್ಕೋತಾ ಇದೀನಿ. ಮೊದಲನೇದಕ್ಕೆ ಬೇಕಾದ್ರೆ ನಮ್ಮ ಅತ್ತೆ ಹೇಳಿದ ಎತ್ತಿನ ಕತೆ ನಾನೇ ಬರೆದು ಕಳಿಸ್ತೀನಿ.

ಇಂತಿ,
ಒಬ್ಬ ಓದುಗಳು, ಅಂಕೋಲಾ