ಕತ್ತಲಲ್ಲಿ ಹೊಳೆಯದ ನಾಣ್ಯ: ಬದಲಾಯಿಸಿ ಕೊಡಿ, ಇಲ್ಲಾ ದುಡ್ಡು ವಾಪಸ್ ಹಾಕಿ

ನಮಸ್ಕಾರ ಸರ್,

ಇದು ನಿಮಗೆ ಬರೀತಿರೋ ಮೂರನೇ ಮೇಲ್. ಮೊದಲೆರಡಕ್ಕೂ ಅದೇ ರೆಡಿಮೇಡ್ ಉತ್ತರ ಬಂತು, ಅದಕ್ಕೆ ಈ ಸಲ ಉದ್ದಕ್ಕೇ ಬರೀತಿದೀನಿ, ದಯವಿಟ್ಟು ಯಾರಾದ್ರೂ ಕೂತ್ಕೊಂಡು ಓದಿ.

ಹೋದ ತಿಂಗಳು ನಿಮ್ಮ ಸೈಟಲ್ಲಿ ಆಸ್ಟ್ರಿಯಾ ಟಂಕಸಾಲೆಯ 3 ಯೂರೋ ನಾಣ್ಯ, ಹೊಳೆಯೋ ಕಡಲ ಜೀವಿಗಳ ಸೀರೀಸ್ ಇದ್ಯಲ್ಲ ಅದು, ಮೂರು ಪೀಸ್ ತಗೊಂಡೆ, ಕೊರಿಯರ್ ಸೇರಿ 7,350 ರೂಪಾಯಿ. ಮಗಳಿಗೆ ಈ ಆಳ ಸಮುದ್ರದ ಮೀನುಗಳ ಹುಚ್ಚು, ಅವಳ ಹುಟ್ಟಿದಹಬ್ಬಕ್ಕೆ ಅಂತ. ಎರಡು ಚೆನ್ನಾಗೇ ಇವೆ, ಸುಳ್ಳು ಹೇಳಲ್ಲ, ಲೈಟ್ ಆರಿಸಿದ್ರೆ ಮಂಚದ ಕೆಳಗೆ ಸಮುದ್ರ ಬಂದಂಗಿರುತ್ತೆ. ಮೂರನೇದು ಅಂಚಲ್ಲಿ ಒಂಚೂರು ಮಿಣುಕ್ ಅಂತು, ನಡುವೆ ಪೂರ್ತಿ ಕಪ್ಪು ಮಚ್ಚೆ. ಬೆಳಕು ಕುಡೀಲಿ ಅಂತ ಟ್ಯೂಬ್‌ಲೈಟ್ ಕೆಳಗಿಟ್ಟೆ, ಮಾರನೇ ದಿನ ಕಿಟಕಿ ಹತ್ರ ಇಟ್ಟೆ, ಅದೇ ಕಥೆ. ಕೊನೆಗೆ ಪಕ್ಕದ ಮೆಡಿಕಲ್ ಸ್ಟೋರ್‌ನವರ ಹತ್ರ ನೋಟು ನೋಡೋ ಯುವಿ ಟಾರ್ಚ್ ಇಸ್ಕೊಂಡು ಬಂದು ಭೂತಗನ್ನಡಿ ಹಿಡಿದು ನೋಡ್ತೀನಿ, ಆ ಮಚ್ಚೆ ಹೆಬ್ಬೆಟ್ಟಿನ ಆಕಾರದಲ್ಲಿದೆ ಸರ್! ಯಾರೋ ಪುಣ್ಯಾತ್ಮರು ಕ್ಯಾಪ್ಸೂಲ್ (ನಾಣ್ಯ ಇಡೋ ಪ್ಲಾಸ್ಟಿಕ್ ಡಬ್ಬಿ) ಬಿಚ್ಚಿ ಉಜ್ಜಿ ಉಜ್ಜಿ ಕ್ಲೀನ್ ಮಾಡಿದಾರೆ, ಬಣ್ಣದ ಪದರ ಎದ್ದೋಗಿದೆ. ನಾಣ್ಯ ಅಂಚಲ್ಲೇ ಹಿಡೀಬೇಕು, ಮುಖಕ್ಕೆ ಬೆರಳು ತಾಕಿಸಬಾರದು ಅಂತ ಈ ಹವ್ಯಾಸಕ್ಕೆ ಬಂದ ಮೊದಲನೇ ವಾರ ಕಲಿಯೋ ಪಾಠ, ನಿಮಗೆ ನಾನು ಹೇಳಬೇಕಾ.

ನಾಣ್ಯ ಡೂಪ್ಲಿಕೇಟ್ ಅಂತ ನಾನು ಹೇಳ್ತಿಲ್ಲ. ತೂಕ ಹಾಕಿಸ್ದೆ, 16 ಗ್ರಾಂ ಇದೆ, ಅಗಲ 34 ಮಿ.ಮೀ., ಎಲ್ಲಾ ಸರಿ. ಅಸಲಿ ನಾಣ್ಯನೇ, ಆದ್ರೆ ಯಾರೋ ಬಳಸಿ ವಾಪಸ್ ಕೊಟ್ಟಿದ್ದನ್ನ ನೀವು ಹೊಸದು ಅಂತ ಮಾರಿದೀರ, ನನ್ನ ತಕರಾರು ಇಷ್ಟೇ.

ಇದಕ್ಕೆ ನಿಮ್ಮ ಕಸ್ಟಮರ್ ಕೇರ್‌ನವರು ಕೊಟ್ಟ ಉತ್ತರ ನೋಡಿ, "ಆಳ ಸಮುದ್ರದ ಜೀವಿಗಳು ಸಹಜವಾಗಿ ಮಂದವಾಗಿ ಹೊಳೆಯುತ್ತವೆ" ಅಂತೆ! ಮಗಳು ಓದಿ ಬಿದ್ದು ಬಿದ್ದು ನಕ್ಕಳು. ಆಂಗ್ಲರ್ ಮೀನಿನ ತಲೆ ಮೇಲಿನ ಗಾಳದ ತುದೀಲಿ ಬೆಳಕು ಕೊಡೋ ಬ್ಯಾಕ್ಟೀರಿಯಾ ಇರುತ್ತೆ ಅಪ್ಪಾ, ಈ ನಾಣ್ಯದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಕೇಳು ಅಂದ್ಳು. ಇಲ್ಲಿರೋದು ಬೆಳಕು ಕುಡ್ಕೊಂಡು ಕತ್ತಲಲ್ಲಿ ಬಿಡೋ ಬಣ್ಣ ಅಷ್ಟೇ, ಬಣ್ಣ ಹೋದ್ರೆ ಹೊಳಪೂ ಹೋಯ್ತು. ನನ್ನ ಹತ್ರ ಕೆನಡಾದ 2017ರ 2 ಡಾಲರ್ ನಾಣ್ಯ ಇದೆ, ಉತ್ತರ ಧ್ರುವದ ಬೆಳಕಿನ ಕೆಳಗೆ ಇಬ್ಬರು ದೋಣಿ ಹುಟ್ಟು ಹಾಕ್ತಿರೋದು, ಭಾವ ಟೊರೊಂಟೊದಿಂದ ತಂದಿದ್ದು. ಅದು ಚಲಾವಣೆಗೇ ಬಿಟ್ಟ ನಾಣ್ಯ, ನಾಲ್ಕು ಜನರ ಜೇಬಲ್ಲಿ ಓಡಾಡಿ ಬಂದಿದೆ, ಇವತ್ತಿಗೂ ಹಸಿರಾಗಿ ಹೊಳೆಯುತ್ತೆ. ಕ್ಯಾಪ್ಸೂಲಲ್ಲೇ ಇದ್ದಿದ್ದು ಅಂತ ನೀವು ಹೇಳೋ ನಾಣ್ಯಕ್ಕೆ ಏನಾಗಿತ್ತು ಹಾಗಾದ್ರೆ?

ಸ್ಟೋರ್ ಕ್ರೆಡಿಟ್ ಕೊಡ್ತೀವಿ ಅಂದಿದೀರ, ಬೇಡ. ಅದೇ ನಾಣ್ಯ, ಸೀಲ್ ಒಡೀದೇ ಇರೋದು ಕಳಿಸಿ. ಸ್ಟಾಕ್ ಇಲ್ಲ ಅಂದ್ರೆ ಆ ಒಂದು ಪೀಸಿನ 2,400 ರೂಪಾಯಿ ನನ್ನ ಅಕೌಂಟಿಗೆ ಹಾಕಿ, ವಾಪಸ್ ಕಳಿಸೋ ಕೊರಿಯರ್ ಖರ್ಚೂ ನಿಮ್ಮದೇ. ಪಾರ್ಸೆಲ್ ಬಿಚ್ಚಿದ ವಿಡಿಯೋ, ಟಾರ್ಚ್ ಹಾಕಿ ತೆಗೆದ ಫೋಟೋ ಎರಡೂ ಈ ಮೇಲ್‌ನಲ್ಲಿ ಹಾಕಿದೀನಿ. ಹತ್ತು ದಿನ ಕಾಯ್ತೀನಿ, ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡ್ತೀನಿ.

ಪಿಕಪ್‌ಗೆ ಹುಡುಗನ್ನ ಕಳಿಸೋದಾದ್ರೆ ಸಂಜೆ ಆರರ ಮೇಲೆ ಕಳಿಸಿ, ಹಗಲು ಮನೇಲಿ ಯಾರೂ ಇರಲ್ಲ. ಮತ್ತೆ ದಯವಿಟ್ಟು ಈ ಸಲ ಪ್ಯಾಕ್ ಮಾಡೋರಿಗೆ ಗ್ಲೌಸ್ ಕೊಡಿ.

ಇಂತಿ,
ನಿಮ್ಮ ಹಳೇ ಗಿರಾಕಿ, ಮೈಸೂರು