ಎರಡು ಕೆಂದಾವರೆಗಳು: ತಮ್ಮನ ಮಗನಿಗೆ ಬರೆದ ಪತ್ರ

ಚಿರಂಜೀವಿಗೆ ಗಂಗಾವತಿಯಿಂದ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮದುವೆಯಾದ ಹೊಸದರಲ್ಲೇ ಹೆಂಡತಿಯನ್ನು ಊರಲ್ಲಿ ಬಿಟ್ಟು ಮಸ್ಕತ್ತಿಗೆ ಹೋಗಿರುವ ನೀನು, ಆಕೆಗೆ ಆಗಾಗ ಪತಿವ್ರತೆಯರ ಕಥೆ ಹೇಳುತ್ತಿರಬೇಕೆಂದು ನನಗೆ ಬರೆದಿದ್ದೀಯ. ಹೇಳಲು ಅಡ್ಡಿಯಿಲ್ಲ. ಆದರೆ ಆ ಕಥೆಗಳು ಗಂಡನಾದ ನಿನಗೂ ಏನು ಹೇಳುತ್ತವೆಂಬುದನ್ನು ಮೊದಲು ನೀನು ತಿಳಿಯಬೇಕೆಂದು ನನ್ನ ಆಸೆ.

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಬರೆದ ಕಥಾಸರಿತ್ಸಾಗರದಲ್ಲಿ ದೇವಸ್ಮಿತೆಯ ಕಥೆ ಬರುತ್ತದೆ. ಗಂಡ ಗುಹಸೇನನು ವ್ಯಾಪಾರಕ್ಕೆಂದು ಕಟಾಹ ದ್ವೀಪಕ್ಕೆ ಹೊರಟಾಗ, ಅಲ್ಲಿ ಅವನು ಬೇರೊಬ್ಬಳಿಗೆ ಮನಸೋತಾನೆಂದು ಕಳವಳಪಟ್ಟವಳು ಅವಳು. ಇಬ್ಬರೂ ಉಪವಾಸವಿದ್ದು ಬೇಡಿಕೊಂಡಾಗ ಶಿವನು ಕನಸಿನಲ್ಲಿ ಎರಡು ಕೆಂದಾವರೆಗಳನ್ನು ಕೊಟ್ಟು, ಒಬ್ಬರು ತಪ್ಪಿ ನಡೆದರೆ ಇನ್ನೊಬ್ಬರ ಕೈಯಲ್ಲಿರುವ ಹೂವು ಬಾಡುವುದೆಂದನು. ಕಟಾಹದಲ್ಲಿ ಗುಹಸೇನನಿಗೆ ಕುಡಿಸಿ ಈ ಗುಟ್ಟನ್ನು ಬಾಯಿಬಿಡಿಸಿಕೊಂಡ ನಾಲ್ವರು ವರ್ತಕರ ಮಕ್ಕಳು ಅವಳನ್ನು ಕೆಡಿಸಲು ಬಂದರು. ಅವಳು ಅವರಿಗೇ ಮದ್ದು ಬೆರೆಸಿದ ಮದ್ಯ ಕುಡಿಸಿ, ಹಣೆಯ ಮೇಲೆ ನಾಯಿಯ ಹೆಜ್ಜೆಯ ಮುದ್ರೆ ಕಾಯಿಸಿ ಒತ್ತಿಸಿದಳು. ಅಷ್ಟಕ್ಕೇ ಬಿಡದೆ, ಗಂಡನಿಗೆ ಕೇಡಾದೀತೆಂದು ವರ್ತಕನ ವೇಷದಲ್ಲಿ ಕಟಾಹಕ್ಕೇ ಹೋಗಿ, ರುಮಾಲಿನಿಂದ ಹಣೆ ಮುಚ್ಚಿಕೊಂಡಿದ್ದ ಅವರನ್ನು ರಾಜನ ಮುಂದೆ ತನ್ನ ಓಡಿಹೋದ ಆಳುಗಳೆಂದು ತೋರಿಸಿಕೊಟ್ಟಳು. ಕಾಯುತ್ತ ಕೂತ ಹೆಣ್ಣಲ್ಲ ಅವಳು.

ಇಂಗ್ಲೆಂಡಿನ ಹದಿನೈದನೆಯ ಶತಮಾನದ ಒಂದು ಕಥೆಯಲ್ಲಿ ಬಡಗಿಯೊಬ್ಬನಿಗೆ ಇಂಥದೇ ಗುಲಾಬಿಯ ಮಾಲೆ ಸಿಗುತ್ತದೆ. ಅಲ್ಲಿ ಹೂವು ಗಂಡನ ಬಳಿ ಮಾತ್ರ. ಅವನು ನೆಟ್ಟಗಿದ್ದಾನೆಯೇ ಎಂದು ಹೆಂಡತಿ ತಿಳಿಯಲು ಏನೂ ಇಲ್ಲ. ಈ ವ್ಯತ್ಯಾಸವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಇಟಲಿಯ ಬೊಕಾಚಿಯೋ ಹೇಳುವ ಕಥೆಯಂತೂ ಇನ್ನೂ ಕಠಿಣವಾದದ್ದು: ಹೆಂಡತಿಯ ಶೀಲದ ಮೇಲೆ ಪಂದ್ಯ ಕಟ್ಟಿದ ವರ್ತಕನು, ಪೆಟ್ಟಿಗೆಯಲ್ಲಿ ಅಡಗಿ ಕೋಣೆ ಸೇರಿದ ಮೋಸಗಾರನು ಅವಳ ಮೈಮೇಲಿನ ಮಚ್ಚೆಯ ಗುರುತು ಹೇಳಿದೊಡನೆ ಅವನನ್ನು ನಂಬಿ, ಅವಳನ್ನು ಒಂದು ಮಾತೂ ಕೇಳದೆ ಕೊಲ್ಲಲು ಆಳನ್ನು ಕಳುಹಿಸುತ್ತಾನೆ.

ಗಂಡಸಿನ ನಿಷ್ಠೆಯನ್ನು ಯಾರೂ ಹಾಡಲಿಲ್ಲವೆಂದು ತಿಳಿಯಬೇಡ. ನಮಗೆ ಹತ್ತಿರದ ಕುಮ್ಮಟದುರ್ಗದ ಕುಮಾರರಾಮನನ್ನು ಜನ ಇಂದಿಗೂ ಪರನಾರಿ ಸಹೋದರನೆಂದೇ ನೆನೆಯುತ್ತಾರೆ. ಚೆಂಡು ತರಲು ಹೋದವನ ಕೈಹಿಡಿದ ಮಲತಾಯಿ ರತ್ನಾಜಿಯನ್ನು ಅವನು ತಾಯಿಯೆಂದೇ ಕಂಡು ದೂರ ಸರಿದನು. ಅವಳ ದೂರನ್ನು ನಂಬಿ ತಂದೆ ಕಂಪಿಲರಾಯನು ತಲೆ ಕಡಿಯಲು ಅಪ್ಪಣೆ ಮಾಡಿದರೂ, ಮಂತ್ರಿ ಬೈಚಪ್ಪನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಉಳಿಸಿದನು. ದಾಂಪತ್ಯದ ಕಥೆ ಇದಲ್ಲವಾದರೂ, ನಮ್ಮ ನೆಲದಲ್ಲಿ ಪರೀಕ್ಷೆಗೆ ನಿಂತವನು ಗಂಡಸೆಂಬುದು ನಿನಗೆ ನೆನಪಿರಲಿ.

ಆದ್ದರಿಂದ, ಅವಳು ಫೋನು ಎತ್ತುವುದು ತಡವಾದರೆ ಎಲ್ಲಿದ್ದೆಯೆಂದು ಗದರಬೇಡ. ನೀನು ಎಲ್ಲಿದ್ದೆ, ಯಾರೊಡನಿದ್ದೆ ಎಂಬುದನ್ನು ಅವಳು ಕೇಳುವ ಮೊದಲೇ ಹೇಳು. ಊರಿನವರು ಯಾರಾದರೂ ಅವಳ ಬಗ್ಗೆ ಏನನ್ನಾದರೂ ನಿನ್ನ ಕಿವಿಗೆ ಹಾಕಿದರೆ, ನನಗಾಗಲಿ ನಿನ್ನ ತಾಯಿಗಾಗಲಿ ಬರೆಯುವ ಮೊದಲು ಅವಳನ್ನೇ ಕೇಳು.

ಇಂತಿ ನಿನ್ನ ದೊಡ್ಡಪ್ಪ